ಬ್ಯಾಚ್ ಫುಲ್ ಮಾಸ್ಟರ್ ಮಗಳ ಸ್ಕಾಲರ್‌ಶಿಪ್

ಮಗಳಿಗೆ ಸೀಟು ಸಿಕ್ಕಿದ ಮನೆಯಲ್ಲಿ ಸಂಭ್ರಮ ಇರಬೇಕು. ಡ್ರೈವಿಂಗ್ ಮಾಸ್ಟರ ಮನೆಯಲ್ಲಿ ಮಾತ್ರ ಸಂಜೆಯಿಂದ ಯಾರೂ ಸರಿಯಾಗಿ ಉಸಿರೇ ಬಿಟ್ಟಿರಲಿಲ್ಲ. ಸಿಕ್ಕಿದ್ದು ಕೌನ್ಸೆಲಿಂಗ್ ಸೈಕಾಲಜಿ ಎಂಎಸ್ಸಿ ಸೀಟು, ಅದೂ ಪ್ರವೇಶ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಬಂದು. ಮೊಬೈಲಿನಲ್ಲಿ ಮೇಲೆ ಅಭಿನಂದನೆ ಇತ್ತು, ಕೆಳಗೆ ಫೀಸು ಇತ್ತು. ಮೇಲಿನದನ್ನು ಓದಿ ಎದ್ದು ನಿಂತ ಮಾಸ್ಟರು, ಕೆಳಗಿನದನ್ನು ಓದಿ ಹಾಗೇ ಕೂತುಬಿಟ್ಟರು.

"ಕಾರು ಮಾರ್ತೀನಿ," ಅಂದರು.

"ಮಾರಿ," ಅಂದಳು ಹೆಂಡತಿ. "ಆಮೇಲೆ ಸೋಫಾ ಮೇಲೆ ಕೂರಿಸಿ ಗೇರು ಹಾಕೋದು ಕಲಿಸಿ."

ಮಾಸ್ಟರಿಗೆ ಇದ್ದದ್ದು ಒಂದೇ ಕಾರು. ಅದರಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಮಾಸ್ಟರ ಕಾಲ ಕೆಳಗೆ. ಇಡೀ ಸಂಸಾರ ಓಡುತ್ತಿದ್ದದ್ದು ಆ ಎರಡನೇ ಬ್ರೇಕಿನ ಮೇಲೆ. ಕಲಿಯಲು ಬರುವವರು ಕೆಲವು ತಿಂಗಳು ನಾಲ್ಕೈದು ಜನ, ಕೆಲವು ತಿಂಗಳು ಅದೂ ಇಲ್ಲ. ಆದರೆ ಫೋನು ಬಂದರೆ ಸಾಕು, ಮಾಸ್ಟರ ಉತ್ತರ ಒಂದೇ: "ಬ್ಯಾಚ್ ಫುಲ್ ಇದೆ ಸರ್, ಆದ್ರೂ ನಿಮಗೋಸ್ಕರ ನೋಡ್ತೀನಿ." ಖಾಲಿ ಇರುವ ಸ್ಕೂಲಿಗೆ ಯಾರು ಬರುತ್ತಾರೆ ಎಂಬುದು ಅವರ ವ್ಯಾಪಾರದ ಲೆಕ್ಕ. ಹಾಗಾಗಿ ಬೀದಿಯಲ್ಲೆಲ್ಲ ಅವರಿಗೆ ಬ್ಯಾಚ್ ಫುಲ್ ಮಾಸ್ಟರ್ ಎಂದೇ ಹೆಸರು.

"ಅಪ್ಪಾ, ಕಾರು ಮಾರೋದು ಬೇಡ," ಅಂದಳು ಮಗಳು. "ಕಣ್ಣಿನ ಕ್ಲಿನಿಕ್‌ನಲ್ಲಿ ರಿಸೆಪ್ಷನ್ ಕೆಲಸ ಇದೆ. ಸ್ವಲ್ಪ ದಿನ ದುಡಿದು ಆಮೇಲೆ ಓದ್ತೀನಿ."

ಈ 'ಆಮೇಲೆ' ಏನು ಅಂತ ಮಾಸ್ಟರಿಗೆ ಚೆನ್ನಾಗಿ ಗೊತ್ತಿತ್ತು. "ಆಮೇಲೆ ಬಂದು ಕಲೀತೀನಿ ಮಾಸ್ಟರ್" ಎಂದು ಹೋದವರಲ್ಲಿ ಒಬ್ಬರೂ ಇನ್ನೂ ವಾಪಸ್ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟಿಯರಿಂಗ್ ಹಿಂದೆ ಕೂತಿದ್ದವರು ಕೌನ್ಸೆಲರ್ ಮೇಡಂ. ಶಾಲೆಯಲ್ಲಿ ಮಕ್ಕಳ ಭಯ ಬಿಡಿಸುವುದು ಅವರ ಕೆಲಸ. ಕಾರು ಹತ್ತಿದರೆ ಅವರದೇ ಕೈ ಗಡಗಡ.

"ಮಾಸ್ಟರ್, ಬಸ್ಸು! ಬಸ್ಸು!"

"ಅದು ನಿಂತಿರೋ ಬಸ್ಸು ಮೇಡಂ. ಡ್ರೈವರ್ ಕೆಳಗಿಳಿದು ಟೀ ಕುಡೀತಿದಾನೆ. ಕ್ಲಚ್ ಮೆತ್ತಗೆ ಬಿಡಿ."

ಕ್ಲಚ್ಚು ಮೆತ್ತಗೆ ಬರಲಿಲ್ಲ. ಕಾರು ಕೆಮ್ಮಿ, ನಡುರಸ್ತೆಯಲ್ಲಿ ಕಣ್ಣು ಮುಚ್ಚಿತು. ಹಿಂದಿನಿಂದ ಹಾರ್ನುಗಳ ಮೆರವಣಿಗೆ. ಮಾಸ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ ಎಲ್ಲರಿಗೂ 'ತಡೀರಿ' ಎಂದು ಸನ್ನೆ ಮಾಡಿ ಸುಮ್ಮನೆ ಕೂತರು.

"ಏನ್ ಮಾಸ್ಟರ್, ಇವತ್ತು ಒಂದ್ಸಲಾನೂ ರೇಗಿಸಿಲ್ಲ ನನ್ನ. ಮನೇಲಿ ಏನಾದ್ರೂ?"

ಕೇಳುವುದೇ ಕಸುಬಾಗಿರುವವರ ಮುಂದೆ ಎಷ್ಟು ಹೊತ್ತು ಮುಚ್ಚಿಡಲು ಆದೀತು? ಮಾಸ್ಟರು ಎಲ್ಲ ಹೇಳಿದರು. ಮೇಡಂ ಕಾರನ್ನು ಮತ್ತೆ ಚಾಲೂ ಮಾಡಿ, ತಂದು ರಸ್ತೆಯ ಬದಿಗೆ ನೀಟಾಗಿ ನಿಲ್ಲಿಸಿದರು. ಜೀವನದಲ್ಲೇ ಮೊದಲ ಸರಿಯಾದ ಪಾರ್ಕಿಂಗ್. ಇಬ್ಬರೂ ಅದನ್ನು ಗಮನಿಸಲಿಲ್ಲ.

"ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ರಾ?"

"ಅದು ಚಿಕ್ಕ ಮಕ್ಕಳಿಗೆ ಅಲ್ವಾ ಮೇಡಂ? ಇಲ್ಲಾಂದ್ರೆ ಡಾಕ್ಟರು, ಇಂಜಿನಿಯರ್ ಓದೋರಿಗೆ. ಇನ್ನೊಬ್ಬರ ಕಷ್ಟ ಕೇಳೋ ಓದಿಗೆ ಯಾರು ಕೊಡ್ತಾರೆ?"

"ನನಗೆ ಕೊಟ್ಟಿದ್ರು."

ಮಾಸ್ಟರು ತಿರುಗಿ ನೋಡಿದರು. ಆಮೇಲೆ ಎದೆ ಉಬ್ಬಿಸಿದರು. "ತಪ್ಪು ತಿಳ್ಕೋಬೇಡಿ ಮೇಡಂ. ಈ ಕೈ ಸ್ಟಿಯರಿಂಗ್ ಹಿಡಿದಿದೆ, ಗೇರು ಹಿಡಿದಿದೆ, ಕೆಟ್ಟು ನಿಂತ ಗಾಡೀನ ತಳ್ಳಿದೆ. ಯಾರ ಮುಂದೇನೂ ಚಾಚಿಲ್ಲ!"

ಹಿನ್ನೆಲೆ ಸಂಗೀತ ಒಂದು ಬಾಕಿ ಇತ್ತು. ಅದರ ಬದಲು ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿತ್ತು.

"ಡೈಲಾಗ್ ಸೂಪರ್," ಅಂದರು ಮೇಡಂ. "ಓಟದಲ್ಲಿ ಗೆದ್ದ ಹುಡುಗಿಗೆ ಕಪ್ ಕೊಟ್ರೆ ಅದು ಭಿಕ್ಷೆನಾ?"

"ಛೆ, ಬಹುಮಾನ ಅದು."

"ಇದೂ ಹಾಗೇನೆ. ನಮ್ಮ ಸ್ಕೂಲಲ್ಲಿ ಅಷ್ಟೂ ಮಕ್ಕಳಿಗೆ ನಾನೊಬ್ಬಳೇ ಕೌನ್ಸೆಲರ್. ಜನ ಸಾಲದು ಮಾಸ್ಟರ್. ಈ ಕೆಲಸಕ್ಕೆ ಇನ್ನೂ ಜನ ಬರ್ಲಿ ಅಂತಾನೇ ದುಡ್ಡು ತೆಗೆದಿಟ್ಟಿರ್ತಾರೆ. ಕೇಳೋರಿಲ್ಲ ಅಂದ್ರೆ ಅದು ಅಲ್ಲೇ ಕೂತಿರುತ್ತೆ."

"ಯಾರು ಇಟ್ಟಿರ್ತಾರೆ?"

"ಮೊದಲು ಯೂನಿವರ್ಸಿಟಿನೇ. ಒಳ್ಳೆ ಅಂಕ ಬಂದೋರಿಗೆ ಫೀಸ್ ಬಿಡ್ತಾರೆ, ಮನೇಲಿ ಕಷ್ಟ ಇದ್ರೆ ಅದಕ್ಕೆ ಬೇರೆ ನೆರವು. ಡಿಪಾರ್ಟ್‌ಮೆಂಟಲ್ಲಿ ಪ್ರೊಫೆಸರ್‌ಗೆ ಸಹಾಯಕಿ ಆಗಿ ಕೆಲಸ ಮಾಡಿದ್ರೆ ತಿಂಗಳಿಗೆ ಇಷ್ಟು ಅಂತ ಕೊಡ್ತಾರೆ. ಸೈಕಾಲಜಿಯವರ ಸಂಘಗಳು ಕೊಡ್ತವೆ, ಸರ್ಕಾರ ಕೊಡುತ್ತೆ, ಟ್ರಸ್ಟ್‌ಗಳಿವೆ. ಕೆಲವರು, ಓದು ಮುಗಿದ ಮೇಲೆ ಕೌನ್ಸೆಲರ್ ಇಲ್ಲದ ಕಡೆ ಸ್ವಲ್ಪ ಕಾಲ ಕೆಲಸ ಮಾಡ್ಬೇಕು ಅಂತ ಷರತ್ತು ಹಾಕ್ತಾರೆ. ಅದನ್ನ ಓದಿ, ಒಪ್ಪಿಗೆ ಆದ್ರೆ ಮಾತ್ರ ಸೈನ್ ಹಾಕಿ. ಎಲ್ಲಾ ಕಡೆ ಎಲ್ಲಾ ಇರಲ್ಲ. ಆದ್ರೆ ಕಾರು ಮಾರೋದು, ಸಾಲ ಮಾಡೋದು ಕೊನೇ ಬಾಗಿಲು. ನೀವು ಮೊದಲೇ ಅಲ್ಲಿಗೆ ಓಡ್ತಿದ್ದೀರ."

ಆ ಸಂಜೆ ಮೇಡಂ ಮನೆಗೇ ಬಂದರು. ಮಗಳ ಜೊತೆ ಕೂತು ಯಾವುದಕ್ಕೆ ಅರ್ಹತೆ ಇದೆ, ಯಾವುದರ ಕೊನೆಯ ದಿನ ಹತ್ತಿರ ಬಂದಿದೆ ಎಂದು ನೋಡಿದರು. ಯೂನಿವರ್ಸಿಟಿಯ ನೆರವಿಗೆ ಒಂದು, ಡಿಪಾರ್ಟ್‌ಮೆಂಟಿನ ಸಹಾಯಕಿ ಕೆಲಸಕ್ಕೆ ಒಂದು, ಸಂಘದ್ದಕ್ಕೆ ಒಂದು. ಮೂರೂ ಅರ್ಜಿ ಹೋದವು. ಮನೆಯಲ್ಲಿ ಮತ್ತೆ ಉಸಿರಾಟ ಶುರುವಾಯಿತು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ, ಬೀದಿಯಲ್ಲಿ ಕಾರು ಒರೆಸುತ್ತಿದ್ದ ಮಾಸ್ಟರ ಫೋನು ರಿಂಗಾಯಿತು.

"ಸರ್, ಯೂನಿವರ್ಸಿಟಿಯ ವಿದ್ಯಾರ್ಥಿ ನೆರವು ಕಚೇರಿಯಿಂದ. ನಿಮ್ಮ ಮಗಳ ಅರ್ಜಿ ನೋಡ್ತಿದ್ದೀವಿ. ಡ್ರೈವಿಂಗ್ ಸ್ಕೂಲ್ ಹೇಗೆ ನಡೀತಿದೆ?"

ಇಷ್ಟು ವರ್ಷದ ಅಭ್ಯಾಸ. ನಾಲಿಗೆ ತಾನೇ ಟಾಪ್ ಗೇರಿಗೆ ಹೋಯಿತು.

"ಬ್ಯಾಚ್ ಫುಲ್ ಮೇಡಂ! ಮೂರು ಕಾರು ಓಡ್ತಾ ಇವೆ. ನಾಲ್ಕನೇದಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ."

"ಹಾಗಾದ್ರೆ ಫೀಸ್ ಕಟ್ಟೋಕೆ ತೊಂದರೆ ಇಲ್ಲ?"

"ತೊಂದರೆನಾ? ನಮಗಾ?" ಮಾಸ್ಟರು ನಕ್ಕ ನಗುವಿಗೆ ಬೀದಿ ನಾಯಿ ಎದ್ದು ನೋಡಿತು.

ಮನೆಗೆ ಬಂದವರೇ, "ನಮ್ಮ ಮರ್ಯಾದೆ ಹೇಗೆ ಎತ್ತಿ ಹಿಡಿದೆ ಗೊತ್ತಾ?" ಎಂದು ಎಲ್ಲ ವರ್ಣಿಸಿದರು. ಮಗಳ ಮುಖ ಬಿಳಿಚಿಕೊಂಡಿತು.

"ಅಪ್ಪಾ, ಅವರು ಕಾರು ಕಲಿಯೋಕೆ ಫೋನ್ ಮಾಡಿದ್ದಲ್ಲ. ನಮಗೆ ನೆರವು ಬೇಕಾ ಬೇಡ್ವಾ ಅಂತ ತಿಳ್ಕೊಳ್ಳೋಕೆ ಮಾಡಿದ್ದು."

"ಆ ಇನ್ನೆರಡು ಕಾರು ಎಲ್ಲಿ ನಿಲ್ಲಿಸಿದ್ದೀರಿ?" ಅಂದಳು ಹೆಂಡತಿ. "ನನ್ನನ್ನೂ ಒಂದು ರೌಂಡ್ ಕರ್ಕೊಂಡು ಹೋಗಿ."

ಮಗಳು ಜಗಳ ಆಡಲಿಲ್ಲ, ಅಳಲಿಲ್ಲ. ಕ್ಲಿನಿಕ್‌ಗೆ ಫೋನು ಮಾಡಿ, "ಆ ಕೆಲಸ ಇನ್ನೂ ಇದೆಯಾ?" ಎಂದು ಕೇಳಿದಳು. ಅದನ್ನು ಕೇಳಿ ಮಾಸ್ಟರು ಎದ್ದು ಇಸ್ತ್ರಿ ಪೆಟ್ಟಿಗೆ ಹುಡುಕಿದರು.

ಬೆಳಿಗ್ಗೆ ಅವರೇ ಇಸ್ತ್ರಿ ಅಂಗಿ ಹಾಕಿಕೊಂಡು, ಮಗಳನ್ನು ಕರೆದುಕೊಂಡು ನೆರವು ಕಚೇರಿಗೆ ಹೋದರು. ಉದ್ದನೆಯ ಕಾರಿಡಾರ್, ಗೋಡೆಗೆ ಒರಗಿದ ಬೆಂಚು, ಒಳಗೆ ಫೋನು ಮಾಡಿದ್ದ ಅಧಿಕಾರಿ ಮೇಡಂ, ಪಕ್ಕದಲ್ಲಿ ಸೈಕಾಲಜಿಯ ಒಬ್ಬ ಪ್ರೊಫೆಸರಮ್ಮ.

"ಮೇಡಂ, ನಿನ್ನೆ ಮೂರು ಕಾರು ಅಂದಿದ್ದೆ," ಅಂದರು ಮಾಸ್ಟರು, ನಿಂತೇ. "ಅದರಲ್ಲಿ ಎರಡು ಸುಳ್ಳು. ಉಳಿದ ಒಂದಕ್ಕೂ ನನ್ನ ಮಗಳಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಬ್ಯಾಚ್ ಫುಲ್ ಇಲ್ಲ. ಫೀಸ್ ಕಟ್ಟೋಕೆ ನನ್ನ ಕೈಲಿ ಆಗಲ್ಲ."

ಕೊನೆಯ ಮಾತು ಹೇಳುವಾಗ ದನಿ ಸಣ್ಣಗಾಯಿತು.

ಅಧಿಕಾರಿ ನಗಲಿಲ್ಲ. "ಕೂತ್ಕೊಳಿ ಸರ್. ಇಲ್ಲಿಗೆ ಬರೋ ಅಪ್ಪಂದಿರು ಇಲ್ಲದ ಅಂಗಡಿ ಹೇಳ್ತಾರೆ, ಇಲ್ಲದ ಮಹಡಿ ಕಟ್ತಾರೆ. ಇನ್ನು ಕೆಲವರು ಇರೋದನ್ನ ಮುಚ್ಚಿಡ್ತಾರೆ, ಅದೂ ತಪ್ಪು. ಇದ್ದದ್ದು ಇದ್ದ ಹಾಗೆ ಹೇಳಿ, ಆದಾಯದ ದಾಖಲೆ ತಂದುಕೊಡಿ. ಫೋನಲ್ಲಿ ಹೇಳಿದ್ದನ್ನ ನಾನು ತಿದ್ಕೋತೀನಿ."

ಪ್ರೊಫೆಸರಮ್ಮ ಮಗಳ ಕಡೆ ತಿರುಗಿದರು. "ನೀನು ಬಂದಿದ್ದು ಒಳ್ಳೇದಾಯ್ತು. ಹೇಗೂ ಕೇಳಬೇಕಿತ್ತು. ಈ ಕೋರ್ಸ್ ಯಾಕಮ್ಮಾ?"

ಮಗಳು ಅಪ್ಪನ ಕಡೆ ನೋಡಿದಳು. "ಚಿಕ್ಕವಳಿದ್ದಾಗ ಅಪ್ಪನ ಕಾರಿನ ಹಿಂದಿನ ಸೀಟಲ್ಲಿ ಕೂತ್ಕೊಂಡು ಹೋಮ್‌ವರ್ಕ್ ಮಾಡ್ತಿದ್ದೆ ಮೇಡಂ. ಹೆದರ್ಕೊಂಡು ನಡುಗೋರ ಪಕ್ಕ ಅಪ್ಪ ದಿನಾ ಕೂರ್ತಾರೆ. ಕಾರು ಎಲ್ಲಿ ನಿಂತ್ರೂ ಅವರ ಕೈಯಿಂದ ಸ್ಟಿಯರಿಂಗ್ ಕಿತ್ಕೊಳ್ಳಲ್ಲ. 'ನೀವೇ ಓಡಿಸ್ತೀರಿ, ನಾನಿದ್ದೀನಿ' ಅಂತಾರೆ. ಕೌನ್ಸೆಲಿಂಗ್ ಅಂದ್ರೂ ಅದೇ ಅಂತ ಪುಸ್ತಕದಲ್ಲಿ ಓದ್ದಾಗ, ಇದು ನನಗೆ ಗೊತ್ತಿರೋ ಕೆಲಸ ಅನ್ನಿಸ್ತು. ಸರಿಯಾಗಿ ಕಲೀಬೇಕು."

ಮಾಸ್ಟರು ಕಿಟಕಿ ಕಡೆ ನೋಡಿದರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮೂಗು ಒಮ್ಮೆ ಒರೆಸಿಕೊಂಡರು. ಇಷ್ಟು ವರ್ಷ ಫೋನಿನಲ್ಲಿ ಸುಳ್ಳು ಸುಳ್ಳೇ ಕೊಚ್ಚಿಕೊಂಡಿದ್ದರು. ಇಂದು ಕೊಚ್ಚಿಕೊಳ್ಳಲು ನಿಜವಾದದ್ದೊಂದು ಸಿಕ್ಕಿತ್ತು, ಅದನ್ನು ಮಗಳೇ ಹೇಳಿಬಿಟ್ಟಿದ್ದಳು.

ಫೀಸಿನ ಗಡುವಿಗೆ ಮೊದಲೇ ಉತ್ತರ ಬಂತು. ಯೂನಿವರ್ಸಿಟಿ ಬೋಧನಾ ಶುಲ್ಕ ಪೂರ್ತಿ ಬಿಟ್ಟಿತ್ತು. ಪ್ರೊಫೆಸರಮ್ಮನ ಸಂಶೋಧನೆಗೆ ಸಹಾಯಕಿಯಾಗಿ ತಿಂಗಳ ಭತ್ಯೆಯೂ ಸಿಕ್ಕಿತು. ಸಂಘದವರು ಮಾತ್ರ, ಈ ಸಲ ಆಗಲಿಲ್ಲ, ಮುಂದಿನ ವರ್ಷ ಮತ್ತೆ ಹಾಕಿ ಎಂದರು. "ಹಾಕ್ತಾಳೆ, ಹಾಕದೆ ಇರ್ತಾಳಾ!" ಅಂದಳು ತಾಯಿ, ಅವರಿಗೆ ಕೇಳಿಸುತ್ತದೋ ಎಂಬಂತೆ.

ಪ್ರವೇಶದ ದಿನ ಕೌಂಟರ್ ಮುಂದೆ ಉದ್ದ ಕ್ಯೂ. ಮುಂದೆ ಒಬ್ಬ ಬಡಗಿ, ಪಕ್ಕದಲ್ಲಿ ಅವನ ಮಗ. ಹುಡುಗನಿಗೂ ಸೈಕಾಲಜಿಯಲ್ಲೇ ಸೀಟು. ಬಡಗಿ ಯಾರಿಗೋ ಫೋನಿನಲ್ಲಿ, "ಬಡ್ಡಿ ಎಷ್ಟಾದ್ರೂ ಸರಿ ಅಣ್ಣಾ, ಇವತ್ತೇ ಬೇಕು," ಎನ್ನುತ್ತಿದ್ದ.

ಮಾಸ್ಟರು ಅವನ ಹೆಗಲು ತಟ್ಟಿದರು. "ಯಜಮಾನ್ರೇ, ಫೋನ್ ಇಡಿ. ಆ ಕಾರಿಡಾರ್ ಕೊನೇಲಿ ನೆರವು ಕಚೇರಿ ಅಂತ ಇದೆ. ಹೋಗಿ ಕೇಳಿದ್ರಾ?"

"ನಮ್ಮಂಥೋರಿಗೆ ಕೊಡ್ತಾರಾ ಸರ್?"

"ನಮ್ಮಂಥೋರ ಮಕ್ಕಳಿಗೇ ಕೊಡೋದು. ನೋಡಿ, ಅಲ್ಲಿ ನಿಂತಿದಾಳಲ್ಲ, ನೀಲಿ ಚೀಲ, ಅವಳು ನನ್ನ ಮಗಳು. ನಾಳೆ ಕೌನ್ಸೆಲರ್ ಆಗ್ತಾಳೆ. ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಒಳಗೆ ಹೋದ್ಮೇಲೆ ಇಲ್ಲದ ಕಾರು ಮಾತ್ರ ಹೇಳ್ಬೇಡಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸೈಕಾಲಜಿ, ಕೌನ್ಸೆಲಿಂಗ್ ಓದಬೇಕೆಂದು ಕೂತಿರುವ ಮಗಳಿದ್ದರೆ, ಮಗನಿದ್ದರೆ, ಕಾರು ಮಾರುವ ಮೊದಲು, ಬಡ್ಡಿಗೆ ಕೈಯೊಡ್ಡುವ ಮೊದಲು, ಕಾಲೇಜಿನ ನೆರವು ಕಚೇರಿಗೆ ಹೋಗಿ. ಸೀಟಿಗೆ ಅರ್ಜಿ ಹಾಕುವಾಗಲೇ ಸ್ಕಾಲರ್‌ಶಿಪ್‌ಗೂ ಹಾಕಿ. ಒಂದೇ ಕಡೆ ಹಾಕಿ ಕಾಯಬೇಡಿ. ಕೊನೆಯ ದಿನಾಂಕ ನೋಡಿಕೊಳ್ಳಿ, ಷರತ್ತು ಓದಿ, ನಿಜ ಹೇಳಿ. "ಮೊದಲು ಇಷ್ಟು ದುಡ್ಡು ಕಳಿಸಿ, ಸ್ಕಾಲರ್‌ಶಿಪ್ ಕೊಡಿಸ್ತೀನಿ" ಎಂದವರ ಫೋನು ಅಲ್ಲೇ ಕಟ್ ಮಾಡಿ. ಒಬ್ಬರು ಇಲ್ಲ ಎಂದರೆ ಇನ್ನೊಬ್ಬರನ್ನು ಕೇಳಿ.

ಓದುವುದಕ್ಕೆ ಫೀಸು ಇರಬಹುದು. ಕೇಳುವುದಕ್ಕೆ ಇಲ್ಲ. ತಲೆ ಎತ್ತಿಕೊಂಡೇ ಹೋಗಿ ಕೇಳಿ.