ಹುಳದ ಮನೆಯ ಕಟ್ಟಳೆ

ಹೊಂಗೆ ಚಿಗುರಿ ಯುಗಾದಿ ಹತ್ತಿರವಾಗಿತ್ತು. ಲತಾಮಣಿ ಮಿಸ್ ಒಂದನೇ ತರಗತಿಯ ಮಕ್ಕಳನ್ನು ಕೇಳಿದರು: "ಈ ತಿಂಗಳು ಏನು ಕಲಿಯೋಣ? ನೀವೇ ಹೇಳಿ, ನೀವೇ ಮಾಡಿ." ಕೇಳಿದ್ದು ತಪ್ಪೇನಲ್ಲ. ಆದರೆ ಆರು ವರ್ಷದ ಮಕ್ಕಳ ಕೈಗೆ ಯಜಮಾನಿಕೆ ಕೊಟ್ಟರೆ, ದೊಡ್ಡವರು ಕಂಡೂ ಕಾಣದಂತೆ ದಾಟಿಬಿಡುವ ಕಟ್ಟಳೆಯನ್ನೂ ಅವರು ದಾಟಗೊಡುವುದಿಲ್ಲ.

"ಹುಳ ಸಾಕಾನ ಮಿಸ್!" ಅಂದ ಇಸ್ರಾರ್. ಅವನಪ್ಪ ಖಲಂದರ್ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು. ಎರಡೇ ದಿನದಲ್ಲಿ ಒಂದು ತಟ್ಟೆ ಮರಿಹುಳ ಶಾಲೆಗೆ ಬಂತು. ಬೈರಮಂಗಲದ ಆಚೆ, ಶಾಲೆಯಿದ್ದ ಆ ಊರಿನ ಹೊಲಗಳು ಕಾರ್ಖಾನೆಗಳ ಕಾಂಪೌಂಡಿನೊಳಗೆ ಸೇರಿ ನಾಲ್ಕು ವರ್ಷವಾಗಿತ್ತು. ಹಿಪ್ಪುನೇರಳೆ ಅಂತ ಉಳಿದದ್ದು ಶಾಲೆಯ ಹಿಂದಿನ ಒಂದು ಸಾಲು. ಹುಳ ಸಾಕಿ ಗೊತ್ತಿದ್ದವಳು ಬಿಸಿಯೂಟ ಮಾಡುವ ಅಂಬುಜಮ್ಮ. ಮಕ್ಕಳು ಅವಳನ್ನೇ ಗುರು ಮಾಡಿಕೊಂಡರು.

ಒದ್ದೆ ಸೊಪ್ಪು ಹಾಕಬಾರದು, ಕೈ ತೊಳೆಯದೆ ಮುಟ್ಟಬಾರದು ಎಂದು ಅಂಬುಜಮ್ಮ ಹೇಳಿಕೊಟ್ಟಳು. ಕೊನೆಗೆ ಅವಳತ್ತೆ ಹೇಳುತ್ತಿದ್ದ ಮಾತೊಂದು ತಾನಾಗಿಯೇ ಬಾಯಿಗೆ ಬಂತು: "ಸಾವಿನ ಸೂತಕದೋರು, ಮೈಮ್ಯಾಲೆ ಅಮ್ಮ ಎದ್ದೋರು ಹುಳದ ಮನೆ ಹೊಸ್ತಿಲು ತುಳೀಬಾರ್ದು ಕಣ್ರವ್ವ. ತುಳುದ್ರೆ ಹುಳ ಕೊಳ್ತೋಯ್ತವೆ."

ಮಕ್ಕಳು ಕೆಲಸ ಹಂಚಿಕೊಂಡರು. ಸೊಪ್ಪಿಗೆ ಇಸ್ರಾರ್, ಬಾಗಿಲಿಗೆ ಅಸ್ರಾ. ತಟ್ಟೆ ಇದ್ದದ್ದು ತರಗತಿಯ ಮೂಲೆಯಲ್ಲಿ. ಹಾಗಾಗಿ ತರಗತಿಯೇ ಹುಳದ ಮನೆಯಾಯಿತು.

ಹತ್ತು ದಿನ ಕಳೆದು, ಒಂದು ಸೋಮವಾರ ಅದೇ ತರಗತಿಯ ರಮ್ಯಾ ಮತ್ತೆ ಶಾಲೆಗೆ ಬಂದಳು. ಅವಳ ತಾಯಿ ಶಿಫ್ಟು ಮುಗಿಸಿ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತು ಎಂಟು ದಿನವಾಗಿತ್ತು. ಅಸ್ರಾ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ನೀನು ಬರಂಗಿಲ್ಲ ಕಣೇ. ನಿಮ್ಮಮ್ಮ ಸತ್ತೋಗವ್ಳೆ."

ರಮ್ಯಾ ಅಳಲಿಲ್ಲ. ಗೋಡೆ ಬಳಸಿಕೊಂಡು ಹೋಗಿ ಕಿಟಕಿಯ ಹೊರಗೆ ನಿಂತಳು. ಮಿಸ್ ಅಸ್ರಾಳನ್ನು ಗದರಿ, ಹೊರಗೆ ಹೋಗಿ ರಮ್ಯಾಳ ಕೈ ಹಿಡಿದರೆ, ಅವಳು ಕಿಟಕಿಯ ಸರಳನ್ನು ಬಿಡಲಿಲ್ಲ.

"ನಾನು ಬಂದ್ರೆ ಹುಳ ಸಾಯ್ತವೆ ಮಿಸ್."

"ಅದೆಲ್ಲ ಸುಳ್ಳು ಪುಟ್ಟಿ."

"ನಿಮ್ಗೆ ಹುಳ ಗೊತ್ತಿಲ್ಲ ಮಿಸ್," ಒಳಗಿನಿಂದ ಇಸ್ರಾರ್ ಕೂಗಿದ. "ಅಂಬುಜಜ್ಜಿ ಯೋಳವ್ಳೆ!"

ಮಿಸ್ ಅಡುಗೆಮನೆಗೆ ಬಂದರು. "ನೀವೇ ಒಂದು ಮಾತು ಹೇಳಿ ಅಂಬುಜಮ್ಮ. ನಿಮ್ಮ ಮಾತು ಕೇಳ್ತಾರೆ."

"ನಾಳೆ ಯೋಳ್ತೀನಿ ಬುಡಿ ಮಿಸ್," ಅಂದು ಅಂಬುಜಮ್ಮ ಸಾರಿಗೆ ಸೌಟು ಹಾಕಿದಳು. ನಾಳೆ ಬಂತು, ನಾಡಿದ್ದೂ ಬಂತು. ಅವಳು ಹೇಳಲಿಲ್ಲ.

ಹೇಳುವುದು ಅವಳಿಗೆ ಸುಲಭವಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಚಿಕ್ಕತಾಯಿ ಎಂಬ ಅವಳ ಮಗಳಿಗೆ ಏಳು ವರ್ಷವಿದ್ದಾಗ ಮೈಮೇಲೆ ಅಮ್ಮ ಎದ್ದು, ಮೈತುಂಬ ಉರಿಯುವ ಗುಳ್ಳೆಗಳಾಗಿದ್ದವು. ಮನೆಯ ತುಂಬ ಹುಳ. ಅವು ಹಣ್ಣಾಗಿ ಗೂಡು ಕಟ್ಟಲು ಇನ್ನು ನಾಲ್ಕು ದಿನ. ಕಟ್ಟಳೆಯಂತೆ ಮಗುವನ್ನು ಕೊಟ್ಟಿಗೆಯಲ್ಲಿ ಮಲಗಿಸಿ, ತಾಯಿ ಹುಳದ ಜೊತೆ ಒಳಗೆ ಉಳಿದಳು. ಮಗು ಎದ್ದೆದ್ದು ಬಂದು ಕಿಟಕಿ ಬಡಿಯುತ್ತಿತ್ತು. "ಹುಳ ಹಣ್ಣಾಗ್ಲಿ ಕಣವ್ವ, ಬತ್ತೀನಿ," ಅನ್ನುತ್ತಿದ್ದಳು ಇವಳು. ಹುಳ ಹಣ್ಣಾದ ದಿನ ಕೊಟ್ಟಿಗೆಗೆ ಹೋದರೆ ಮಗು ತಣ್ಣಗಾಗಿತ್ತು. ಆ ಕಟ್ಟಳೆ ಸುಳ್ಳು ಅಂತ ಈಗ ಒಪ್ಪಿದರೆ, ಅವತ್ತು ತಾನು ಮಾಡಿದ್ದಕ್ಕೆ ಏನು ಹೆಸರಿಡುವುದು?

ಶುಕ್ರವಾರ ರಮ್ಯಾಳ ಅಪ್ಪ ಜಯಕುಮಾರ್ ಬಂದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ನಾಳೆ ಗುಡೇಮಾರನಹಳ್ಳಿಗೆ ಅವರಜ್ಜಿ ತಾವ ಬುಟ್ಬತ್ತೀನಿ ಮಿಸ್. ಅಲ್ಲಿ ದನ ಕಾಯ್ಕಂಡಿರ್ಲಿ. ಹೊರಗಡೆ ನಿಲ್ಲಾಕೆ ಇಸ್ಕೂಲೇ ಬೇಕಾ?"

"ಒಂದು ಸಲ ಒಳಗೆ ಕೂತಳು ಅಂದ್ರೆ ಸರಿಹೋಗ್ತಾಳೆ."

"ಕೂತ್ರೆ ಇಲ್ಲೇ ಬುಡ್ತೀನಿ. ಕೂರಲ್ವಲ್ಲ. ಸಂಜಿಕೆ ಬತ್ತೀನಿ."

ಮಧ್ಯಾಹ್ನ ಅಂಬುಜಮ್ಮ ಊಟದ ತಟ್ಟೆ ಹಿಡಿದು ಕಿಟಕಿಯ ಹತ್ತಿರ ಹೋದಳು. ಒಳಗೆ ಬೆರಳುದ್ದವಾಗಿದ್ದ ಹುಳಗಳು ಸೊಪ್ಪು ತಿನ್ನುವ ಸದ್ದು, ಒಣ ತರಗಿನ ಮೇಲೆ ತುಂತುರು ಬಿದ್ದ ಹಾಗೆ. ರಮ್ಯಾ ತಟ್ಟೆ ಇಸಿದುಕೊಂಡು ಪಕ್ಕಕ್ಕೆ ನೋಡಿದಳು.

"ಇನ್ನೊಂದು ತಟ್ಟೆ ಕೊಡಜ್ಜಿ."

"ಯಾರ್ಗವ್ವ?"

"ಈ ಅಕ್ಕಂಗೆ."

ಅಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ನನ್ಕಿಂತ ಮೊದ್ಲಿಂದ ನಿಂತವ್ಳಂತೆ. ಮೈಯೆಲ್ಲ ಉರೀತೈತಂತೆ. ಹುಳ ಹಣ್ಣಾದ್ಮ್ಯಾಲೆ ಅವ್ವ ಬತ್ತಾಳೆ ಅಂತಾಳೆ."

ಆ ಮಾತನ್ನು ಅಂಬುಜಮ್ಮ ಗಂಡನಿಗೂ ಹೇಳಿರಲಿಲ್ಲ. ರಮ್ಯಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲಿಗೆ ನಡೆದಳು. ಈ ಸಲ ಹುಡುಗಿ ಕೊಸರಿಕೊಳ್ಳಲಿಲ್ಲ.

ಅಸ್ರಾ ಕೈ ಚಾಚಿದಳು. "ಅಜ್ಜೀ, ನೀನೇ ಯೋಳಿದ್ದೆ!"

"ಹೂಂ ಕಣವ್ವ, ನಾನೇ ಯೋಳಿದ್ದೆ. ತಪ್ಪು ಯೋಳ್ದೆ."

"ಹುಳ ಸತ್ತೋದ್ರೆ?" ಇಸ್ರಾರ್ ಹುಳದ ತಟ್ಟೆಗೆ ಅಡ್ಡ ಬಂದ.

"ಸತ್ರೆ ಸಾಯ್ಲಿ ಬುಡ್ಲಾ," ಅಂದಳು ಅಂಬುಜಮ್ಮ. "ಸತ್ರೆ ಸಾಯ್ಲಿ. ಬ್ಯಾರೆ ಹುಳ ತರಾನ."

ಮಕ್ಕಳು ಮುಖಮುಖ ನೋಡಿಕೊಂಡರು. ಅಸ್ರಾಳ ಕೈ ನಿಧಾನವಾಗಿ ಕೆಳಗಿಳಿಯಿತು. ರಮ್ಯಾ ಹೊಸ್ತಿಲು ದಾಟಿದಳು.

"ಕೈ ತೊಳ್ದಿದ್ದೀಯಾ?" ಇಸ್ರಾರ್ ಬಿಗುವಾಗಿಯೇ ಕೇಳಿ, ಅವಳು ತೊಳೆದು ಬಂದ ಮೇಲೆ ಒಂದು ಎಲೆ ಕೊಟ್ಟ. ಅವಳು ಎಲೆಯಿಟ್ಟಳು. ಇಡೀ ತರಗತಿ ಉಸಿರು ಹಿಡಿದು ಬಾಗಿತು. ಒಂದು ಹುಳ ತಲೆಯೆತ್ತಿ, ತೂಗಾಡಿಸಿ, ಎಲೆಯ ಅಂಚನ್ನು ಕಚ್ಚಿತು.

"ತಿಂತೈತೆ!" ಅಂತ ಕೂಗೆದ್ದಿತು. ಮಿಸ್ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂಬುಜಮ್ಮ ಮಾತ್ರ ಬಾಗಿಲ ಹಲಗೆ ಹಿಡಿದು ಹೊರಗೇ ನೋಡುತ್ತ ನಿಂತಿದ್ದಳು.

"ಬಾಗ್ಲು ಹಾಕಜ್ಜಿ, ಇರುವೆ ಬತ್ತವೆ," ಅಂದಳು ಅಸ್ರಾ.

"ಒಸಿ ತಾಳವ್ವ."

ಅವಳು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು, ಒಂದು ಮಗು ನುಸುಳುವಷ್ಟು ಜಾಗ ಬಿಟ್ಟಳು.