ಹಿಡಿಯಜ್ಜಿ ಹುರಿದ ಪುಡಿ

ಮೂರನೆಯ ದಿನವೂ ಊಟದ ಡಬ್ಬಿ ಹೋದಷ್ಟೇ ಭಾರವಾಗಿ ಮನೆಗೆ ಮರಳಿತು. ಹಿಡಿಯಜ್ಜಿ ಮುಚ್ಚಳ ತೆರೆದು ನೋಡಿದಳು. ಬೇಳೆ ತಣ್ಣಗೆ ಹೆಪ್ಪುಗಟ್ಟಿತ್ತು. ತರಕಾರಿಯ ಒಂದು ಹೋಳೂ ಕದಲಿರಲಿಲ್ಲ. ಅನ್ನದ ಅಂಚಿನಲ್ಲಿ ಎರಡು ತುತ್ತಿನಷ್ಟು ಜಾಗ ಮಾತ್ರ ಖಾಲಿಯಾಗಿತ್ತು, ಅಮ್ಮನ ಮುಖ ನೆನೆದು ತಿಂದು ಅಲ್ಲಿಗೇ ಕೈತೊಳೆದ ಹಾಗೆ.

"ಇವತ್ತೂ ತಿಂದಿಲ್ವೇನೋ?"

ಮಗ ಬಾಗಿಲ ಬಳಿ ಬೂಟು ಬಿಚ್ಚುತ್ತಿದ್ದ. "ತಿಂದೆ ಅಮ್ಮ."

"ನೀನು ತಿಂದೆ ಅಂತೀಯ, ಡಬ್ಬಿ ಇಲ್ಲ ಅನ್ನುತ್ತೆ. ಯಾರನ್ನ ನಂಬಲಿ?"

"ಅದೊಂದು ಊಟಾನಾ ಅಮ್ಮ? ಒದ್ದೆ ಹತ್ತಿ ಅಗಿದ ಹಾಗಿರುತ್ತೆ."

ಅಡುಗೆಯ ಮೇಲೆ ಅಂಥ ಮಾತು ಕೇಳಿ ಅಜ್ಜಿಗೆ ಅಭ್ಯಾಸವಿರಲಿಲ್ಲ. ಚಮಚ, ಲೋಟ, ತಕ್ಕಡಿ ಯಾವುದನ್ನೂ ನಂಬದೆ ಸಕಲವನ್ನೂ ಅಂಗೈಯಲ್ಲೇ ಅಳೆಯುತ್ತಿದ್ದಳೆಂದು ಬೀದಿಯವರು ಆಕೆಗೆ ಹಿಡಿಯಜ್ಜಿ ಎಂದು ಹೆಸರಿಟ್ಟಿದ್ದರು. ಎಷ್ಟು ಹಾಕಬೇಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಒಂದು ಹಿಡಿ." ಯಾರ ಹಿಡಿ ಎಂದು ಮತ್ತೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಗ ಇಪ್ಪತ್ತೆರಡು ವರ್ಷಗಳಿಂದ ಬಸ್ಸಿನ ಚಾಲಕ. ಹತ್ತು ದಿನಗಳ ಹಿಂದೆ ವರ್ಷದ ತಪಾಸಣೆಯಲ್ಲಿ ಅವನ ರಕ್ತದೊತ್ತಡ ಬಹಳ ಏರಿದೆಯೆಂದು ತಿಳಿದುಬಂದಿತ್ತು. "ಮಾತ್ರೆ ನಾನು ಕೊಡ್ತೀನಿ, ಉಪ್ಪು ನೀವು ಕಮ್ಮಿ ಮಾಡಿ. ಎರಡು ತಿಂಗಳು ಬಿಟ್ಟು ನೋಡೋಣ. ಇಳಿದಿದ್ರೆ ಸ್ಟೀರಿಂಗು, ಇಲ್ಲದಿದ್ರೆ ಇನ್ಮೇಲೆ ಗೇಟು," ಎಂದಿದ್ದರು ಡಿಪೋದ ಡಾಕ್ಟರು. ಅಂದಿನಿಂದ ಅವನದು ಡಿಪೋದ ಗೇಟಿನ ಅಡ್ಡಕೋಲು ಎತ್ತುವ ಕೆಲಸ. ತಾನು ಓಡಿಸುತ್ತಿದ್ದ ಬಸ್ಸನ್ನು ಬೇರೊಬ್ಬ ಓಡಿಸಿಕೊಂಡು ಹೋಗುವಾಗಲೂ ಅವನೇ ಎತ್ತಬೇಕು. ದಿನವಿಡೀ ರಸ್ತೆಯನ್ನು ಎದುರುಗೊಳ್ಳುತ್ತಿದ್ದವನಿಗೆ ಈಗ ರಸ್ತೆ ಬೆನ್ನು ತೋರಿಸಿ ಹೋಗುತ್ತಿತ್ತು.

ಮರುದಿನ ಸೊಸೆ ಅಂಗಡಿಯಿಂದ ಮಸಾಲೆಪುಡಿಯ ಒಂದು ಪೊಟ್ಟಣ ತಂದಳು. ಅಡುಗೆಗೆ ಎರಡು ಚಮಚ ಬಿದ್ದದ್ದೇ ತಡ, ಡಬ್ಬಿ ಖಾಲಿಯಾಗಿ ಬಂತು. ಅಜ್ಜಿಗೆ ಒಳಗೊಳಗೇ ಮುನಿಸು, ಹೊರಗೆ ಸಮಾಧಾನ.

ಆ ಸಮಾಧಾನ ಬಾಳಿದ್ದು ಒಂದು ವಾರ. ಆರೋಗ್ಯ ಕೇಂದ್ರದ ನರ್ಸ್ ಮೂರು ವಾರಗಳಿಗೊಮ್ಮೆ ಆ ಬೀದಿಗೆ ಬರುತ್ತಿದ್ದಳು. ಮಗನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ನಿಂತ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು.

"ನೂರಾ ಅರವತ್ತು, ನೂರು. ಏನೇನೂ ಇಳಿದಿಲ್ಲ. ಮಾತ್ರೆ ತಪ್ಪಿಸ್ತಿದೀರಾ ಅಣ್ಣ?"

"ತಪ್ಪಿಸೋಕೆ ಬಿಡ್ತಾಳಾ ಇವಳು? ಬೆಳಿಗ್ಗೆ ಅಂಗೈಗೆ ಹಾಕಿ, ನುಂಗೋವರೆಗೂ ಪೊಲೀಸಿನ ಹಾಗೆ ನಿಂತಿರ್ತಾಳೆ."

"ಅಡುಗೆಗೆ ಉಪ್ಪು?"

"ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ," ಎಂದಳು ಸೊಸೆ. "ಸಪ್ಪೆ ಅಂತಾರಲ್ಲ ಅಂತ ಈ ಪುಡಿ ಹಾಕ್ತೀನಿ, ಅಷ್ಟೇ."

ನರ್ಸ್ ಪೊಟ್ಟಣವನ್ನು ತೆಗೆದುಕೊಂಡು, ಮುಂದಿನ ಚಿತ್ರವನ್ನು ನೋಡದೆ ಹಿಂದಿನ ಸಣ್ಣಕ್ಷರಗಳನ್ನು ಓದಿದಳು. "ಅಕ್ಕ, ಇಲ್ಲಿ ನೋಡಿ. ಜಾಸ್ತಿ ಇರೋದನ್ನ ಮೊದಲು ಬರೀತಾರೆ. ಇದರಲ್ಲಿ ಧನಿಯಾ ಆದ ತಕ್ಷಣ ಉಪ್ಪು. ಎಲ್ಲ ಪೊಟ್ಟಣಾನೂ ಹೀಗಿರಲ್ಲ. ಆದ್ರೆ ಓದದೆ ಹಾಕಬಾರದು. ಮುಂಬಾಗಿಲಲ್ಲಿ ಓಡಿಸಿದ ಉಪ್ಪು ಹಿತ್ತಲಿಂದ ಒಳಗೆ ಬಂದು ಕೂತಿದೆ."

ಹಿಡಿಯಜ್ಜಿಗೆ ಈಗ ಮುನಿಸನ್ನು ಹೊರಹಾಕಲು ಅವಕಾಶ ಸಿಕ್ಕಿತು. "ಅಂಗಡಿ ಪುಡಿ ಬೇಡ ಅಂತ ನನಗೆ ಮೊದಲೇ ಅನಿಸಿತ್ತು. ಆದ್ರೂ ನರ್ಸಮ್ಮ, ನಿನ್ನದೂ ಅತಿಯಾಯ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಹಿರಿಯರ ಗಾದೆ ಸುಳ್ಳಾಗುತ್ತಾ?"

"ಸುಳ್ಳಾಗಲ್ಲ ಅಜ್ಜಿ. ಎರಡು ತಿಂಗಳ ಮಟ್ಟಿಗೆ ಗಾದೆಯ ಎರಡನೇ ಅರ್ಧ ಗಟ್ಟಿಯಾಗಿ ಹಿಡ್ಕೊಳಿ, ಮೊದಲರ್ಧ ಸಡಿಲ ಬಿಡಿ."

ಮಗ ನಕ್ಕ. ಅಜ್ಜಿ ನಗಲಿಲ್ಲ. "ಉಪ್ಪಿಲ್ದೆ ರುಚಿ ಎಲ್ಲಿಂದ ತರಲಿ, ಆಕಾಶದಿಂದಾನಾ?"

"ನಿಮ್ಮ ಬಾಣಲೆಯಿಂದ. ಧನಿಯಾ, ಜೀರಿಗೆ, ಮೆಣಸು ಎಲ್ಲ ಹದವಾಗಿ ಹುರಿದು ಮನೇಲೇ ಪುಡಿ ಮಾಡಿ. ಹುರಿದ ಘಮ ಇದ್ರೆ ನಾಲಿಗೆ ಉಪ್ಪಿಗೆ ಅಷ್ಟೊಂದು ಹಟ ಮಾಡಲ್ಲ. ಕೊನೆಗೊಂದು ಹೋಳು ನಿಂಬೆ ಹಿಂಡಿ."

"ಹುರಿಯೋದನ್ನ ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮೊದಲೇ ನನ್ನ ಬಾಣಲೆ ಕಪ್ಪಾಗಿತ್ತು!" ಎಂದಳು ಅಜ್ಜಿ. ಗದರಿಕೆಯಲ್ಲಿ ಒಪ್ಪಿಗೆಯಿತ್ತು.

ಆ ಮಧ್ಯಾಹ್ನವೇ ಬಾಣಲೆ ಒಲೆಯೇರಿತು. ಮೊದಲು ಧನಿಯಾ, ಸಣ್ಣ ಉರಿಯಲ್ಲಿ. ಎಷ್ಟೋ ಹೊತ್ತು ಏನೂ ನಡೆಯದಂತೆ ಕಾಣುತ್ತಿದ್ದ ಕಾಳುಗಳು ಒಮ್ಮೆಲೇ ಹಗುರಾಗಿ, ಸೌಟಿಗೆ ತಗುಲಿ ಒಣಸದ್ದು ಮಾಡತೊಡಗಿದವು. ಆಮೇಲೆ ಅದರ ಘಮ ಎದ್ದಿತು, ಮರೆತ ಹಾಡಿನ ಸಾಲೊಂದು ತಾನಾಗಿ ನೆನಪಿಗೆ ಬಂದ ಹಾಗೆ.

"ಅತ್ತೆ, ಜೀರಿಗೇನೂ ಇದಕ್ಕೇ ಸುರೀಲಾ? ಕೆಲಸ ಬೇಗ ಮುಗಿಯುತ್ತೆ."

"ಕೈ ಮುರೀತೀನಿ! ಒಂದೊಂದಕ್ಕೆ ಒಂದೊಂದು ಸ್ವಭಾವ ಕಣೇ. ಧನಿಯಾ ನಿಧಾನಸ್ಥ, ಜೀರಿಗೆ ಅವಸರದವಳು. ಒಟ್ಟಿಗೆ ಬಿಟ್ರೆ ಇವಳು ಸುಟ್ಟು ಕಹಿಯಾಗ್ತಾಳೆ, ಅವನು ಹಸಿಯಾಗೇ ಉಳೀತಾನೆ."

"ಥೇಟ್ ನಾನೂ ನಿಮ್ಮ ಮಗನೂ ಇದ್ದ ಹಾಗೆ."

"ನಿಮ್ಮಿಬ್ಬರನ್ನ ಒಟ್ಟಿಗೆ ಹಾಕಿದ ತಪ್ಪು ನನ್ನದೇ. ಸೌಟು ಆಡಿಸು, ಮಾತು ಸಾಕು."

ಜೀರಿಗೆ, ಮೆಣಸು, ಸಾಸಿವೆ, ಚಿಟಿಕೆಯಷ್ಟೇ ಮೆಂತ್ಯ, ಒಣಮೆಣಸಿನಕಾಯಿ, ಒಂದು ಚೂರು ಚಕ್ಕೆ. ಎಲ್ಲವೂ ಒಂದಾದ ಮೇಲೊಂದು ತಟ್ಟೆಗೆ ಇಳಿದವು. ಒಲೆ ಆರಿಸಿದ ಮೇಲೆ, ಉಳಿದ ಶಾಖದಲ್ಲೇ ಅರಿಸಿನ. ಪುಡಿ ಮಾಡುವ ವೇಳೆಗೆ ಸೊಸೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು, ನಾಳೆಗೆ ಕೊಡಬೇಕಾದ ಬಟ್ಟೆಗಳಿದ್ದವು. ತನ್ನ ತಾಯಿ ಮಾಡುತ್ತಿದ್ದ ಹಾಗೆಯೇ, ಒಂದನ್ನೂ ಬಿಡದೆ, ಅಜ್ಜಿ ಒಬ್ಬಳೇ ಎಲ್ಲವನ್ನೂ ಮಾಡಿ ಮುಗಿಸಿ, ದೊಡ್ಡ ಭರಣಿಯ ಕುತ್ತಿಗೆಯವರೆಗೆ ತುಂಬಿಟ್ಟಳು.

ಅಂದಿನಿಂದ ಡಬ್ಬಿ ತೊಳೆದಿಟ್ಟಷ್ಟು ಖಾಲಿ ಬರತೊಡಗಿತು. "ಬೆರಳು ನೆಕ್ಕಿದ್ದು ನೋಡಿ ಗೇಟಿನ ಕಾವಲುಗಾರ ನಗ್ತಿದ್ದ," ಎಂದು ಮಗ ಹೇಳಿದ ಸಂಜೆ ಹಿಡಿಯಜ್ಜಿ ಹೊಸ್ತಿಲ ಮೇಲೆ ಕುಳಿತು ಬಹಳ ಹೊತ್ತು ಬೀದಿ ನೋಡಿದಳು. ಬೀದಿಯಲ್ಲಿ ವಿಶೇಷವೇನೂ ಇರಲಿಲ್ಲ. ಒಗೆದ ಬಟ್ಟೆ, ಒಂದು ಬೆಕ್ಕು, ಇಳಿಬಿಸಿಲು. ಆದರೂ ಎಲ್ಲವೂ ಸರಿಯಾದ ಜಾಗದಲ್ಲಿ ಇದ್ದಂತಿತ್ತು.

ಮೂರು ವಾರ ಕಳೆದು ನರ್ಸ್ ಮತ್ತೆ ಬಂದಳು. ಪಟ್ಟಿ ಸುತ್ತಿದಳು. ಒಮ್ಮೆಯಲ್ಲ, ಮೂರು ಬಾರಿ.

"ನೂರಾ ಐವತ್ತೆಂಟು."

ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಡಾಕ್ಟರು ಕೊಟ್ಟಿದ್ದ ಎರಡು ತಿಂಗಳಲ್ಲಿ ಉಳಿದಿದ್ದುದು ಅರ್ಧದಷ್ಟೂ ಇರಲಿಲ್ಲ.

"ರೀ, ಡಿಪೋದಲ್ಲಿ ಕರಿದಿದ್ದು ಗಿರಿದಿದ್ದು ತಿಂತಿದೀರಾ?"

"ನಿನ್ನಾಣೆ ಇಲ್ಲ ಕಣೇ."

"ನನ್ನಾಣೆ ಬೇಡ, ಅದನ್ನ ದಿನಾ ಹಾಕ್ತೀರ. ಬಸ್ಸಿನಾಣೆ ಹಾಕಿ."

"ಬಸ್ಸಿನಾಣೆಗೂ ಇಲ್ಲ," ಎಂದ ಅವನು. ಸೊಸೆ ನಂಬಿದಳು.

ನರ್ಸ್ ಚೀಲ ಎತ್ತಿಕೊಂಡಳು. ಹೊರಡುವ ಮುನ್ನ ಅಜ್ಜಿಯ ಮುಖ ಕಳೆಗುಂದಿದ್ದನ್ನು ಕಂಡು, ಮಾತು ಬದಲಿಸಲೆಂಬಂತೆ, "ಅಜ್ಜಿ, ನಿಮ್ಮ ಪುಡಿ ಒಂದ್ಚೂರು ತೋರಿಸಿ. ಘಮ ಬೀದಿ ತುದಿಗೇ ಬರುತ್ತೆ, ನಮ್ಮನೇಲೂ ಮಾಡ್ಬೇಕು," ಎಂದಳು.

ಅಜ್ಜಿ ಭರಣಿಯ ಮುಚ್ಚಳ ತೆಗೆದು ಹಿಡಿದಳು. ನರ್ಸ್ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡಳು. ಕಣ್ಣರಳಿತು, ನಂತರ ಕಿರಿದಾಯಿತು.

"ಅಜ್ಜಿ, ಉಪ್ಪು ಹಾಕಿದೀರಾ?"

"ಅಡುಗೆಗಾ? ಸೊಸೆ ಹಾಕೋ ಚಿಟಿಕೆ ಬಿಟ್ರೆ ಒಂದು ಹರಳೂ ಇಲ್ಲ."

"ಅಡುಗೆಗಲ್ಲ. ಪುಡಿಗೆ."

"ಪುಡಿಗೆ ಹಾಕ್ದೆ ಇರ್ತಾರಾ? ಎರಡು ಹಿಡಿ. ಇಲ್ಲದಿದ್ರೆ ಹುಳ ಬೀಳಲ್ವಾ? ಅದು ಕಾವಲಿಗೆ ಹಾಕೋ ಉಪ್ಪು ನರ್ಸಮ್ಮ, ತಿನ್ನೋ ಉಪ್ಪಲ್ಲ."

ತಾನಾಡಿದ ಮಾತು ಗೋಡೆಗೆ ತಾಗಿ ಹಿಂದಿರುಗಿದಾಗ ಅಜ್ಜಿಗೆ ಅದು ಮೊದಲ ಬಾರಿ ಕೇಳಿಸಿತು. ಕಾವಲಿನ ಉಪ್ಪೂ ತಿನ್ನುವ ಉಪ್ಪೂ ಮಗನ ಹೊಟ್ಟೆಯಲ್ಲಿ ಒಂದೇ.

"ಅದಕ್ಕೇ ಅಷ್ಟು ರುಚಿಯಾಗಿತ್ತು ಅಮ್ಮ!" ಎಂದು ಮಗ ಜೋರಾಗಿ ನಕ್ಕುಬಿಟ್ಟ. ಅವನು ಬೈದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ಆ ನಗುವಿಗೆ ಕಣ್ಣು ತುಂಬಿಬಂತು. ಅಜ್ಜಿ ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಕೈಯನ್ನು ನೋಡುವಂತೆ ನೋಡಿದಳು. ಗೆರೆಗಳಲ್ಲಿ ಅರಿಸಿನ ಕುಳಿತಿತ್ತು.

"ನನ್ನ ಕೈಯಾರೆ ನಾನೇ ಅವನನ್ನ ಗೇಟಲ್ಲಿ ನಿಲ್ಲಿಸಿದೆ."

ನರ್ಸ್ ಚೀಲವನ್ನು ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು. "ಅಜ್ಜಿ, ನಿಮ್ಮಮ್ಮನ ಕಾಲದಲ್ಲಿ ವರ್ಷಕ್ಕಾಗೋಷ್ಟು ಪುಡಿ ಒಂದೇ ಸಲ ಮಾಡ್ತಿದ್ರು. ಬಿಗಿ ಮುಚ್ಚಳದ ಬಾಟಲಿ ಎಲ್ಲಿತ್ತು ಆಗ? ಕಾವಲು ಬೇಕಿತ್ತು. ಈಗ ನಿಮಗೆ ಬೇಡ."

"ಮತ್ತೆ ಹುಳ? ಬೂಷ್ಟು?"

"ಅದಕ್ಕೆ ಬೇಕಾದ್ದು ತೇವ. ತೇವ ಕೊಡಬೇಡಿ. ಚೆನ್ನಾಗಿ ಹುರೀರಿ. ಪೂರ್ತಿ ಆರೋವರೆಗೂ ಪುಡಿ ಮಾಡಬೇಡಿ. ಮಾಡಿದ ಮೇಲೂ ಬಿಸಿ ಇದ್ರೆ ಮುಚ್ಚಬೇಡಿ, ಒಳಗೇ ಬೆವರುತ್ತೆ. ಒಣಗಿದ ಗಾಜಿನ ಬಾಟಲಿ, ಒಣಗಿದ ಚಮಚ, ಒಲೆಯಿಂದ ದೂರ. ಒಂದು ತಿಂಗಳಿಗೆ ಆಗೋಷ್ಟು ಮಾತ್ರ ಮಾಡಿ. ಹಳೇದಾದ್ರೆ ಘಮಾನೂ ಹೋಗುತ್ತೆ."

"ಇಷ್ಟೇನಾ?"

"ಇನ್ನೊಂದಿದೆ. ಬೈಬಾರದು. ಉಪ್ಪಿಗೆ ಮಾತ್ರ ಹಿಡಿ ಬೇಡ, ಚಮಚ ಹಿಡೀರಿ. ಆರೋಗ್ಯವಾಗಿರೋರಿಗೂ ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಮ್ಮಿ. ಅಣ್ಣನಿಗೆ ಡಾಕ್ಟರು ಹೇಳಿದಷ್ಟೇ."

ಅವಳು ಹೋದ ಮೇಲೆ ಸೊಸೆ ಭರಣಿ ನೋಡುತ್ತ, "ಅತ್ತೆ, ಇಷ್ಟೊಂದು ಪುಡಿ ಚೆಲ್ಲೋದಾ? ಪಕ್ಕದ ಮನೆಯವರು ಕೇಳ್ತಿದ್ರು..." ಎಂದು ಶುರುಮಾಡಿದಳು.

"ಅವರ ಮನೇಲೂ ಒಬ್ಬ ಮಗ ಇದಾನೆ," ಎಂದು ಅಜ್ಜಿ ಭರಣಿಯನ್ನು ತಾನೇ ಹೊತ್ತು ಹೋಗಿ ಕಸದ ತೊಟ್ಟಿಗೆ ಸುರಿದು ಬಂದಳು.

ಎರಡನೆಯ ಸಲದ ಪುಡಿ ಮೊದಲನೆಯದಕ್ಕಿಂತ ಹದವಾಗಿ ಬಂತು. ಧನಿಯಾ ಆರುವವರೆಗೆ ಅಜ್ಜಿ ಅದರ ಮುಂದೆಯೇ ಕುಳಿತಿದ್ದಳು, ಬೆರಳಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತ. ಅಡುಗೆಗೆ ಉಪ್ಪು ಹಾಕುವಾಗ ಚಮಚವನ್ನು ಮಾತ್ರ ವೈರಿಯನ್ನು ಹಿಡಿದಂತೆ ಹಿಡಿದಳು. ದಿನಾ ಬೆಳಿಗ್ಗೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಹುಳ ಹುಡುಕುತ್ತಿದ್ದಳು. "ಸಿಕ್ತಾ ಅತ್ತೆ?" ಎಂದು ಸೊಸೆ ಒಳಗಿಂದ ಕೂಗುತ್ತಿದ್ದಳು. "ಸಿಗುತ್ತೆ, ನಿಲ್ಲು," ಎನ್ನುತ್ತಿದ್ದಳು ಅಜ್ಜಿ. ಸಿಗಲಿಲ್ಲ.

ಮೊದಲ ವಾರ ಮಗ ಮುಖ ಕಿವುಚಿದ. ಎರಡನೆಯ ವಾರ ನಿಂಬೆಹೋಳು ಕೇಳಿ ಪಡೆದು ಊಟ ಮುಗಿಸಿದ. ಮೂರನೆಯ ವಾರದ ಕೊನೆಗೆ ಮನೆಗೆ ಬಂದವನು, "ಅಮ್ಮ, ಇವತ್ತು ಕಂಡಕ್ಟರ್ ಡಬ್ಬಿಯಿಂದ ಒಂದು ತುತ್ತು ತಿಂದೆ. ಏನು ಉಪ್ಪು ಅಂತೀಯ! ಸಮುದ್ರ ಕುಡಿದ ಹಾಗಾಯ್ತು," ಎಂದ. ಅಜ್ಜಿ ಸೊಸೆಯ ಮುಖ ನೋಡಿದಳು, ಸೊಸೆ ಅಜ್ಜಿಯ ಮುಖ ನೋಡಿದಳು. ನಾಲಿಗೆ ಹೊಸ ಪಾಠ ಕಲಿತಿತ್ತು.

ತಪಾಸಣೆಯ ದಿನ ಅಜ್ಜಿ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಇದ್ದ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದಳು. ಮಧ್ಯಾಹ್ನ ಮಗ ಬಂದು ಬಾಗಿಲಿಗೆ ಒರಗಿ ನಿಂತ.

"ನೂರಾ ಮೂವತ್ತು, ಎಂಬತ್ತೆರಡು. ನಾಳೆಯಿಂದ ಬಸ್ಸು. ಮಾತ್ರೆ ಮಾತ್ರ ಬಿಡಬೇಡ ಅಂದ್ರು. ಊಟಾನೂ ಹೀಗೇ ಇರಲಿ ಅಂದ್ರು."

"ಯಾರು ಮಾಡಿದ ಪುಡಿ ಅಂತ ಕೇಳಿದ್ರಾ?"

"ಇಲ್ಲಮ್ಮ."

"ಕೇಳಬೇಕಿತ್ತು," ಎಂದಳು ಅಜ್ಜಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ.

ಮರುದಿನ ಬೆಳಿಗ್ಗೆ ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಹಿಡಿಯಜ್ಜಿ ನಿಲ್ದಾಣದಲ್ಲಿ ನಿಂತಿದ್ದಳು. ಬಸ್ಸು ಬಂದು, ಆಕೆಯ ಕಾಲ ಬಳಿಗೇ ಮೆಟ್ಟಿಲು ಬರುವಂತೆ ನಿಂತಿತು. ಆಕೆ ಹತ್ತಿ ಚಾಲಕನ ಹಿಂದಿನ ಸೀಟಿನಲ್ಲಿ ಕುಳಿತಳು. "ಎಲ್ಲಿಗಜ್ಜಿ?" ಎಂದ ಕಂಡಕ್ಟರ್. "ಇವನು ಎಲ್ಲಿವರೆಗೆ ಹೋಗ್ತಾನೋ ಅಲ್ಲಿಗೆ," ಎಂದಳು. ಮಗ ಕನ್ನಡಿಯಲ್ಲಿ ಅಮ್ಮನನ್ನು ಒಮ್ಮೆ ನೋಡಿ, ರಸ್ತೆಯ ಕಡೆ ತಿರುಗಿದ.

ಓದುತ್ತಿರುವ ಅಕ್ಕಂದಿರೇ, ಅತ್ತೆಯಂದಿರೇ, ಸೌಟು ಹಿಡಿಯುವ ಅಣ್ಣಂದಿರೇ, ಈ ವಾರ ನೀವೂ ಬಾಣಲೆ ಇಡಿ. ನಾಲ್ಕು ಹಿಡಿ ಧನಿಯಾಕ್ಕೆ ಒಂದು ಹಿಡಿ ಜೀರಿಗೆ, ಎರಡು ಚಮಚ ಮೆಣಸು, ಒಂದು ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ, ಹತ್ತು ಒಣಮೆಣಸಿನಕಾಯಿ, ಒಂದು ಚೂರು ಚಕ್ಕೆ, ಒಂದು ಚಮಚ ಅರಿಸಿನ. ಬೇರೆಬೇರೆಯಾಗಿ ಹುರಿಯಿರಿ, ಆರಲು ಬಿಡಿ, ಒಣಬಾಟಲಿಗೆ ತುಂಬಿ, ಮಾಡಿದ ದಿನವನ್ನು ಚೀಟಿಯಲ್ಲಿ ಬರೆದು ಅಂಟಿಸಿ. ಉಪ್ಪು ಬೇಡ. ರಕ್ತದೊತ್ತಡ ಇರುವವರು ಪುಡಿಯನ್ನು ನಂಬಿ ಮಾತ್ರೆ ಬಿಡಬೇಡಿ. ನಿಮ್ಮ ಒತ್ತಡ ಎಷ್ಟಿದೆಯೆಂದೇ ತಿಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿ.

ಅದಕ್ಕೂ ಮೊದಲು, ಕಪಾಟಿನಲ್ಲಿ ಈಗಾಗಲೇ ಇರುವ ಪುಡಿಯನ್ನು ಕೆಳಗಿಳಿಸಿ. ಅಂಗಡಿಯದಾದರೆ ಹಿಂಬದಿಯನ್ನು ಓದಿ. ಮನೆಯದಾದರೆ ಉಪ್ಪು ಹಾಕಿದ್ದಾರೆಯೇ ಎಂದು ಮಾಡಿದವರನ್ನು ಕೇಳಿ. ಪ್ರೀತಿಯಿಂದ ಕೇಳಿ. ಅವರು ಹಾಕಿದ್ದರೆ, ಹಾಕಿದ್ದೂ ಪ್ರೀತಿಯಿಂದಲೇ.