ಹದಿನಾಲ್ಕನೇ ಪೀಪಾಯಿ

ಮೇಜಿನ ಖಾನೆಯನ್ನು ಪೂರ್ತಿ ಹೊರಗೆಳೆದು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಮುರಿದ ಕನ್ನಡಕ, ಪೆನ್ನಿನ ಮುಚ್ಚಳಗಳು, ಹೆಬ್ಬೆರಳು ಗಾತ್ರದ ಸೀಸೆಗಳು. ಒಂದೊಂದು ಸೀಸೆಯ ಮೇಲೂ ಗಂಡನ ಕೈಬರಹದ ಅಂಕಿ: ಒಂಬತ್ತು, ಹನ್ನೊಂದು, ಹದಿಮೂರು. ಹದಿನಾಲ್ಕು ಮಾತ್ರ ಇರಲಿಲ್ಲ.

"ಅತ್ತಿಗೆ, ಈಗೇನು ಹುಡುಕ್ತಾ ಕೂತ್ರಿ? ಗಾಡಿ ಬಂದು ಕಾಲು ಗಂಟೆ ಆಯ್ತು," ಎಂದಳು ಬಾಗಿಲಲ್ಲಿ ನಿಂತಿದ್ದ ನಾದಿನಿ.

"ನೀನು ನಡಿ, ಬಂದೆ."

"ಅಣ್ಣನ ಸಾಮಾನು ಎಲ್ಲಿಗೂ ಓಡಿಹೋಗಲ್ಲ. ನಾಳೆ ನೋಡಿದ್ರಾಯ್ತು."

ನಾಳೆ ನೋಡಿದರೆ ಆಗುತ್ತಿರಲಿಲ್ಲ. ಬಿಯರ್ ಕಾರ್ಖಾನೆಯ ಯಜಮಾನ ಬೆಳಗ್ಗೆಯೇ ಫೋನ್ ಮಾಡಿದ್ದ. ಮಣ್ಣು ಮುಗಿಸಿಕೊಂಡು ಎಲ್ಲರೂ ಕಾರ್ಖಾನೆಗೆ ಬರಬೇಕಂತೆ. ಅವಳ ಗಂಡ ಕೊನೆಯದಾಗಿ ರುಚಿ ನೋಡಿ ಒಪ್ಪಿಗೆ ಹಾಕಿದ ಹದಿನಾಲ್ಕನೇ ಪೀಪಾಯಿಯನ್ನು ಅಲ್ಲಿ ತೆರೆಯುತ್ತಾರಂತೆ. ಸೋಮವಾರ ಅದನ್ನೇ ಬಾಟಲಿಗೆ ತುಂಬಿ ಅವನ ಹೆಸರಿನಲ್ಲಿ ಮಾರಾಟಕ್ಕೆ ಬಿಡುತ್ತಾರಂತೆ. "ಮೂವತ್ತು ವರ್ಷದ ಮೂಗು ಅಮ್ಮಾ ಅದು, ಅಷ್ಟೂ ಮಾಡದಿದ್ರೆ ಹೇಗೆ?" ಎಂದು ಯಜಮಾನ ಒತ್ತಾಯಿಸಿದ್ದ. ಅವಳು ಆಗಿನಿಂದಲೂ ಹದಿನಾಲ್ಕರ ಸೀಸೆ ಹುಡುಕುತ್ತಿದ್ದಳು. ಹಾಲು ಮಾರುವವರಿಂದ ಹಿಡಿದು ಯಜಮಾನನವರೆಗೆ ಎಲ್ಲರೂ ಹೊಗಳುವ ಆ ಮೂಗು ಮೂರು ವರ್ಷದ ಹಿಂದೆಯೇ ಸತ್ತಿದ್ದು ಅವಳೊಬ್ಬಳಿಗೆ ಗೊತ್ತಿತ್ತು.

*

ಹದಿನೈದು ದಿನ ಮಲಗಿಸಿದ ಜ್ವರವೊಂದು ಹೋಗುವಾಗ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಅವಳಿಗೆ ತಿಳಿದದ್ದು ಹಾಲಿನಿಂದ. ಹಿತ್ತಲಲ್ಲಿ ಬಟ್ಟೆ ಒಣಹಾಕಿ ಒಳಗೆ ಬಂದರೆ ಅಡುಗೆಮನೆಯ ತುಂಬ ಹೊಗೆ. ಒಲೆಯಿಂದ ಎರಡೇ ಮಾರು ದೂರದಲ್ಲಿ ಅವನು ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದ.

"ರೀ, ಹಾಲು ಸೀದು ಕರಕಲಾಗಿದೆ! ವಾಸನೆ ಬರಲಿಲ್ವಾ?"

ಅವನು ಪೇಪರು ಕೆಳಗಿಳಿಸಲಿಲ್ಲ. ಅದರ ಹಿಂದಿನಿಂದ ಸಣ್ಣ ದನಿ ಬಂತು: "ಯಾರಿಗೂ ಹೇಳಬೇಡ."

ಅವಳು ಹೇಳಲಿಲ್ಲ. ಸಿಹಿ, ಕಹಿ, ಹುಳಿ ಅವನ ನಾಲಿಗೆಗೆ ತಿಳಿಯುತ್ತಿದ್ದವು. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ಅದೂ ಆ ಕಪ್ಪು ಬಿಯರುಗಳೆಂದರೆ ತಮಾಷೆಯಲ್ಲ. ಲವಂಗ, ಚಕ್ಕೆ, ಜಾಯಿಕಾಯಿ ಹಾಕಿ, ಹಳೆಯ ಮದ್ಯದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿಸಿಟ್ಟವು. ಯಾವ ಪೀಪಾಯಿ ಹದಕ್ಕೆ ಬಂದಿದೆ, ಯಾವುದು ಕೆಟ್ಟಿದೆ ಎಂದು ಮೂಗೇ ಹೇಳಬೇಕು. ಅವನು ಸಂಜೆ ಜೇಬಿನಲ್ಲಿ ಸೀಸೆ ಇಟ್ಟುಕೊಂಡು ಬರುತ್ತಿದ್ದ. ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಅವಳು ಈರುಳ್ಳಿ ಹೆಚ್ಚಿದ ಕೈಯನ್ನು ಉಜ್ಜಿ ತೊಳೆದು ಬಂದು ಮೂಸುತ್ತಿದ್ದಳು.

"ಸುಟ್ಟ ಸಕ್ಕರೆ. ಆಮೇಲೆ... ಬಿಸಿಲಿಗೆ ಹಾಕಿದ ಹಾಸಿಗೆ."

"ಹಾಸಿಗೆನಾ? ಹಾಗೆ ಬರೆಯೋಕಾಗುತ್ತೇನೇ?"

"ಬರೀರಿ. ನನ್ನ ಮೂಗು, ನನ್ನ ಮಾತು."

ಅವನು ಬರೆದ. ಎಲ್ಲರೂ ಬೆರಗಾದರು. ವಯಸ್ಸಾದ ಹಾಗೆ ಇವನ ಮೂಗು ಚುರುಕಾಗುತ್ತಿದೆಯಲ್ಲ ಎಂದು ಹೊಗಳಿದರು. ಗಂಡಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು, ಟವಲು ಒತ್ತಿಕೊಂಡು ನಕ್ಕರು. ಮದುವೆಯಾದ ಹೊಸದರಲ್ಲೂ ಅವರು ಹಾಗೆ ನಕ್ಕವರಲ್ಲ.

ಮೂರು ವರ್ಷವಾಗುವ ಹೊತ್ತಿಗೆ ನಗು ಬತ್ತಿತ್ತು. "ಸಾಕು ಮಾಡಿ. ಇದ್ದದ್ದನ್ನ ಹೇಳಿ ಬಿಟ್ಟುಬಿಡಿ. ಒಂದು ದಿನ ನನಗೆ ನೆಗಡಿ ಆದ್ರೆ ಏನ್ಮಾಡ್ತೀರಿ?" ಎಂದು ಅವಳು ಹಟ ಹಿಡಿದಳು. ಇದೊಂದು ಪೀಪಾಯಿ ಆಗಲಿ ಎಂದು ಅವನು ಹದಿನಾಲ್ಕರ ಸೀಸೆಯನ್ನು ಮುಂದೆ ಹಿಡಿದ. ಅವಳು ಮುಖ ತಿರುಗಿಸಿದಳು. ಎರಡು ದಿನ ಅದು ಮೇಜಿನ ಮೇಲೇ ಇತ್ತು. ಮೂರನೇ ದಿನ ಇರಲಿಲ್ಲ. ಅವನು ಏನು ಬರೆದುಕೊಟ್ಟ ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎಂಟು ದಿನ ಬರೀ ಅನ್ನ ಬೇಕಾ, ನೀರು ಬೇಕಾ ಎನ್ನುವಷ್ಟೇ ಮಾತು. ಒಂಬತ್ತನೆಯ ಬೆಳಗ್ಗೆ ಅವನು ಏಳಲಿಲ್ಲ.

*

ಕಾರ್ಖಾನೆಯ ಉಗ್ರಾಣದಲ್ಲಿ ಐವತ್ತು ಜನ ಸೇರಿದ್ದರು. ಅವಳಿಗೆ ಕುರ್ಚಿ ಕೊಟ್ಟರು, ಕೂತಳು, ಎದ್ದಳು, ಮತ್ತೆ ಕೂತಳು. ಮಣ್ಣು ಹಾಕುವಾಗಲೂ ಅವಳ ತಲೆಯಲ್ಲಿ ಇದ್ದದ್ದು ಈ ಪೀಪಾಯಿಯೇ. ಅದಕ್ಕೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು.

ಯಜಮಾನ ಕನ್ನಡಕ ಏರಿಸಿ ಚೀಟಿ ಓದಿದ. "ಮೊದಲು ಸುಟ್ಟ ಸಕ್ಕರೆ. ಹಿಂದೆಯೇ ಲವಂಗ, ಆದರೆ ಜೋರು ಮಾಡುವುದಿಲ್ಲ. ಕೊನೆಯಲ್ಲಿ ಬಿಸಿಲಿಗೆ ಹಾಕಿದ ಹಾಸಿಗೆ. ಒಪ್ಪಿಗೆ."

ಎಲ್ಲವೂ ಅವಳದೇ ಮಾತು. ಹಳೆಯ ಪೀಪಾಯಿಗಳಿಗೆ ಹೇಳಿದ್ದು. ಅವಳು ಮೂಸದ ಬಿಯರಿಗೆ ಅವಳ ಮಾತುಗಳನ್ನೇ ಆಯ್ದು ಅಂಟಿಸಿದ್ದ ಮಹಾರಾಯ. ಸಿಟ್ಟೂ ಬಂತು, ಮರುಕವೂ ಬಂತು.

ಗ್ಲಾಸುಗಳು ಕೈಯಿಂದ ಕೈಗೆ ದಾಟಿದವು. ತನ್ನದನ್ನು ಮೂಗಿನ ಹತ್ತಿರ ತಂದ ಕೂಡಲೇ ಅವಳಿಗೆ ತಿಳಿದುಹೋಯಿತು. ಒದ್ದೆ ಗೋಣಿಚೀಲ. ಬೂಷ್ಟು ಹಿಡಿದ ಗೋಡೆ. ಎಲ್ಲೋ ಒಂದು ಹಲಗೆ ಒಳಗೇ ಕೊಳೆತು ಪೀಪಾಯಿಯನ್ನೆಲ್ಲ ಕೆಡಿಸಿತ್ತು. ನಾಲಿಗೆಗೆ ಅದು ಸಿಕ್ಕುವಂಥದ್ದಲ್ಲ.

ತಲೆಯೆತ್ತಿ ಸುತ್ತ ನೋಡಿದಳು. ರುಚಿ ನೋಡುವುದೇ ಕಸುಬಾದ ಆರು ಜನ ಅಲ್ಲಿದ್ದರು. ಆರೂ ಜನ ಒಂದೊಂದೇ ಗುಟುಕು ಕುಡಿದು, ಮುಖ ಮುಖ ನೋಡಿಕೊಂಡು, ಗ್ಲಾಸುಗಳನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಮೂವತ್ತು ವರ್ಷ ಅವಳ ಗಂಡನ ಜೊತೆ ಪ್ರತಿ ಪೀಪಾಯಿಗೂ ಜಗಳ ಕಾದ, ಯಾವುದಕ್ಕೂ ಅಂಕ ಕೊಡದ ಜುಗ್ಗ ಎಂದು 'ಸೊನ್ನೆ ಮಾಸ್ತರು' ಅನ್ನಿಸಿಕೊಂಡ ಮುದುಕನೂ ಅವರಲ್ಲೊಬ್ಬ; ಅವನೂ ತನ್ನದನ್ನು ಹಾಗೆಯೇ ಇಟ್ಟುಬಿಟ್ಟ.

"ಹೇಗಿದೆ ಮಾಸ್ತರೇ?" ಎಂದ ಯಜಮಾನ. ಅವನಿಗೆ ಬಿಯರಿನ ವ್ಯಾಪಾರ ಗೊತ್ತಿತ್ತು, ಬಿಯರು ಅಷ್ಟಕ್ಕಷ್ಟೆ.

"ಚೆನ್ನಾಗಿದೆ," ಎಂದ ಮಾಸ್ತರು, ನೆಲ ನೋಡುತ್ತ.

ಆ ಕರುಣೆಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಹಳಸಿದ್ದನ್ನು ಚೆನ್ನಾಗಿದೆ ಎಂದವರ ಜೊತೆ ಅವಳ ಗಂಡ ವಾರಗಟ್ಟಲೆ ಮಾತು ಬಿಡುತ್ತಿದ್ದ.

"ಸುಳ್ಳು," ಎಂದಳು. "ಇದು ಕೆಟ್ಟಿದೆ. ಬಾಟಲಿಗೆ ಹಾಕಬೇಡಿ."

"ಅಮ್ಮಾ, ಅವರೇ ಒಪ್ಪಿಗೆ ಹಾಕಿದ್ದಾರಲ್ಲ..."

"ಅವರಿಗೆ ಮೂರು ವರ್ಷದಿಂದ ವಾಸನೆನೇ ಬರ್ತಿರಲಿಲ್ಲ. ಮೂಸ್ತಿದ್ದವಳು ನಾನು. ಈ ಸಲ ಜಗಳ ಆಡಿ ಮೂಸಲಿಲ್ಲ. ತಪ್ಪು ಅವರೊಬ್ಬರದೇ ಅಲ್ಲ, ನನ್ನದೂ ಇದೆ."

"ಅತ್ತಿಗೆ!" ನಾದಿನಿ ಬಾಯಿಗೆ ಕೈ ಹಚ್ಚಿಕೊಂಡಳು. ಯಜಮಾನ ಚೀಟಿಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಉಗ್ರಾಣದಲ್ಲಿ ಯಾರೂ ಯಾರನ್ನೂ ನೋಡಲಿಲ್ಲ. ಗಂಡನನ್ನು ಎರಡನೇ ಸಲ ಮಣ್ಣು ಮಾಡಿದೆನೇ ಎಂದುಕೊಂಡಳು.

ಆಗ ಮಾಸ್ತರು ಕಿಟಕಿಯ ಹತ್ತಿರ ಹೋಗಿ, ತಾನಿಟ್ಟ ಗ್ಲಾಸನ್ನು ಹುಡುಕಿ ತೆಗೆದುಕೊಂಡ. ಒಂದು ಗುಟುಕು ಕುಡಿದ. ಮುಖ ಸೊಟ್ಟಗಾಯಿತು.

"ಒದ್ದೆ ಗೋಣಿ," ಎಂದ.

"ಬೂಷ್ಟೂ ಇದೆ," ಎಂದಳು ಅವಳು.

"ಹೌದು ತಂಗಿ, ಇದೆ. ಆದ್ರೂ ಇದು ಅವನ ಕೊನೇ ಪೀಪಾಯಿ."

ಇನ್ನೊಂದು ಗುಟುಕು ಕುಡಿದ. ಕೆಟ್ಟ ಬಿಯರನ್ನು ಜೀವಮಾನವಿಡೀ ಬಚ್ಚಲಿಗೇ ಸುರಿದಿದ್ದ ಆ ಮುದುಕ, ಗೋಡೆಗೆ ಕೈ ಊರಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ನಿಧಾನವಾಗಿ ತಳದವರೆಗೂ ಕುಡಿದ. ಅವನ ಹಿಂದೆ ಉಳಿದ ಐವರೂ ಕಿಟಕಿಯ ಕಟ್ಟೆಯ ಮೇಲೆ ತಮ್ಮ ತಮ್ಮ ಗ್ಲಾಸು ಯಾವುದೆಂದು ತಡಕಾಡುತ್ತಿದ್ದರು.